ವ್ರಣೋಪಚಾರದಲ್ಲಿ ಲೇಪಗಳ ಇತಿಹಾಸ: ಘೃತದಿಂದ ಲೋಳೆಲೇಪದವರೆಗೆ

॥ ಶ್ರೀ ಗುರುಬಸವಲಿಂಗಾಯ ನಮಃ ॥

ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಅರ್ಚಿಸುವ ಶರಣನಿಗೆ ಆ ಕರದಲ್ಲಿಯೇ ವ್ರಣವುಂಟಾದರೆ ಪೂಜೆಗೂ ಕಾಯಕಕ್ಕೂ ಏಕಕಾಲದಲ್ಲಿ ವಿಘ್ನವೊದಗುವುದು. ಒಕ್ಕಲಿಗನ ಕಾಲಿಗೆ ತಗುಲಿದ ಗುದ್ದಲಿಯ ಪೆಟ್ಟು, ಕಮ್ಮಾರನ ಅಂಗೈಯ ಸುಟ್ಟ ಗಾಯ, ದಾಸೋಹದ ಅಡುಗೆಮನೆಯಲ್ಲಿ ಕುದಿನೀರು ಚೆಲ್ಲಿ ಎದ್ದ ಬೊಕ್ಕೆ, ಜಾತ್ರೆಗೆ ಬರಿಗಾಲಿನಲ್ಲಿ ನಡೆದು ಬರುವ ಭಕ್ತನ ಹಿಮ್ಮಡಿಯ ಬಿರುಕು, ಇವುಗಳಲ್ಲಿ ಒಂದನ್ನೂ ಕಾಣದ ಮನೆಯಿಲ್ಲ. ಇಂತಹ ಗಾಯಗಳಿಗೆ ಮೂಲಿಕೆಗಳನ್ನು ಅರೆದು ಹಚ್ಚುವ ಪದ್ಧತಿಯು ಮನುಷ್ಯನಷ್ಟೇ ಪುರಾತನವಾದುದು. ಇತ್ತೀಚಿನ ದಿನಗಳಲ್ಲಿ ಅದೇ ಮೂಲಿಕೆಗಳು ‘ಜೆಲ್’ ಎಂಬ ಹೆಸರಿನ ಪಾರದರ್ಶಕವಾದ ಲೋಳೆಯ ರೂಪದಲ್ಲಿ, ಸಣ್ಣ ಕೊಳವೆಗಳಲ್ಲಿ ತುಂಬಲ್ಪಟ್ಟು, ಪೇಟೆಯ ಔಷಧದಂಗಡಿಗಳಲ್ಲಿ ದೊರೆಯುತ್ತಿರುವುದನ್ನು ಭಕ್ತಮಹಾಶಯರೆಲ್ಲರೂ ಬಲ್ಲರು.

ಮೂಲಿಕೆಯ ಗುಣವನ್ನು ಹೊಗಳುವವರು ಅನೇಕರು. ಆ ಮೂಲಿಕೆಯನ್ನು ಗಾಯದ ಬಳಿಗೆ ಹೊತ್ತೊಯ್ಯುವ ಆಧಾರದ್ರವ್ಯವನ್ನು ವಿಚಾರಿಸುವವರು ವಿರಳ. ಆದರೆ ಲೇಪಗಳ ಇತಿಹಾಸವೆಲ್ಲವೂ ವಾಸ್ತವವಾಗಿ ಈ ಆಧಾರದ್ರವ್ಯದ ಇತಿಹಾಸವೇ ಆಗಿರುತ್ತದೆ. ತುಪ್ಪ, ಎಣ್ಣೆ, ಮೇಣ, ಭೂತೈಲದ ಜಿಡ್ಡು, ಕಡೆಗೆ ನೀರನ್ನೇ ಹಿಡಿದು ನಿಲ್ಲಿಸಿದ ಲೋಳೆ, ಈ ಕ್ರಮದಲ್ಲಿ ಅದು ನಡೆದು ಬಂದಿದೆ. ಗಾಯವು ಒಣಗಿ ಬಿರಿಯಲೂ ಬಾರದು, ನೆನೆದು ಕೊಳೆಯಲೂ ಬಾರದು. ಈ ಎರಡರ ನಡುವಣ ಹದವನ್ನು ಹುಡುಕುವುದೇ ಎರಡು ಸಾವಿರ ವರ್ಷಗಳ ವೈದ್ಯರ ಪ್ರಯತ್ನದ ಸಾರವು.

ಸುಶ್ರುತಾಚಾರ್ಯರ ಲೇಪವಿಧಿ

ಆಯುರ್ವೇದದ ಶಲ್ಯತಂತ್ರಕ್ಕೆ ಸುಶ್ರುತಸಂಹಿತೆಯು ಆಧಾರಗ್ರಂಥವು. ಚರಕಸಂಹಿತೆಯು ವ್ರಣಕ್ಕೆ ೩೬ ಉಪಕ್ರಮಗಳನ್ನು ಹೇಳಿದರೆ, ಸುಶ್ರುತವು ೬೦ ಉಪಕ್ರಮಗಳನ್ನು ವಿಧಿಸುತ್ತದೆ. ಇವುಗಳಲ್ಲಿ ಶಸ್ತ್ರದಿಂದ ಛೇದಿಸುವುದು, ಕೀವನ್ನು ಹೊರಗೆಡಹುವುದು, ಬಂಧನ ಕಟ್ಟುವುದು, ಪಥ್ಯ ಮೊದಲಾದುವೆಲ್ಲವೂ ಅಡಕವಾಗಿವೆ. ಕಷಾಯ, ವರ್ತಿ, ಕಲ್ಕ, ಘೃತ, ತೈಲ, ರಸಕ್ರಿಯೆ, ಅವಚೂರ್ಣನ ಎಂಬ ಏಳು ರೂಪಗಳಲ್ಲಿ ಔಷಧವನ್ನು ವ್ರಣದ ಶೋಧನಕ್ಕೂ ರೋಪಣಕ್ಕೂ ಪ್ರಯೋಗಿಸಬೇಕೆಂದು ಅಲ್ಲಿ ನಿರ್ಣಯವಿದೆ. ಶೋಧನವೆಂದರೆ ಗಾಯವನ್ನು ಶುದ್ಧಿಗೊಳಿಸುವುದು. ರೋಪಣವೆಂದರೆ ಶುದ್ಧವಾದ ಗಾಯದಲ್ಲಿ ಹೊಸ ಮಾಂಸವೂ ಚರ್ಮವೂ ಬೆಳೆಯುವಂತೆ ಮಾಡುವುದು. ಶೋಧನವಾಗದೆ ರೋಪಣವಿಲ್ಲವೆಂಬುದು ಶಾಸ್ತ್ರದ ದೃಢವಾದ ಅಭಿಪ್ರಾಯವು.

ಈ ಸಂಹಿತೆಯ ಸೂತ್ರಸ್ಥಾನದ ೧೮ನೆಯ ಅಧ್ಯಾಯವು ಲೇಪ ಮತ್ತು ಬಂಧನಗಳ ವಿಷಯಕ್ಕೇ ಮೀಸಲಾಗಿದೆ. ಅಲ್ಲಿ ಲೇಪವು ಪ್ರಲೇಪ, ಪ್ರದೇಹ, ಆಲೇಪವೆಂದು ಮೂರು ಬಗೆಯಾಗಿದೆ. ಪ್ರಲೇಪವು ತಣ್ಣಗೂ ತೆಳ್ಳಗೂ ಇರುವುದು. ಪ್ರದೇಹವು ಬಿಸಿಯಾಗಿಯೋ ತಣ್ಣಗಾಗಿಯೋ ದಪ್ಪನಾಗಿದ್ದು ಬೇಗನೆ ಒಣಗದಿರುವುದು. ಇವೆರಡರ ಮಧ್ಯಸ್ಥವಾದುದು ಆಲೇಪ. ಲೇಪದ ದಪ್ಪವು ಎಮ್ಮೆಯ ಹಸಿಚರ್ಮದಷ್ಟಿರಬೇಕೆಂಬ ಅಳತೆಯನ್ನೂ, ರೋಮಗಳು ಒರಗಿರುವ ದಿಕ್ಕಿಗೆ ಎದುರಾಗಿ ಹಚ್ಚಬೇಕೆಂಬ ಕ್ರಮವನ್ನೂ ಅಲ್ಲಿ ಹೇಳಿದೆ. ಹಾಗೆ ಹಚ್ಚಿದರೆ ಔಷಧವು ಚೆನ್ನಾಗಿ ನೆಲೆನಿಂತು ರೋಮಕೂಪಗಳ ದ್ವಾರವಾಗಿ ಒಳಹೊಗುವುದೆಂಬುದು ಆಚಾರ್ಯರು ಕೊಟ್ಟ ಕಾರಣ. ಲೇಪದ ಮೇಲೆ ಲೇಪವನ್ನು ಹಚ್ಚಕೂಡದು; ಹಳಸಿದುದನ್ನು ಬಳಸಕೂಡದು; ಒಮ್ಮೆ ಹಚ್ಚಿ ತೆಗೆದ ಕಲ್ಕವನ್ನು ಮತ್ತೆ ಉಪಯೋಗಿಸಕೂಡದು.

ಇವೆಲ್ಲಕ್ಕಿಂತಲೂ ಮುಖ್ಯವಾದ ವಿಧಿಯೊಂದುಂಟು. ಲೇಪವು ಒಣಗುತ್ತಿರುವಾಗ ಅದನ್ನು ಹಾಗೆಯೇ ಬಿಟ್ಟುಬಿಡಬಾರದು. ಬಾವನ್ನು ಹಿಂಡಿ ಹೊರಪಡಿಸಬೇಕಾದ ಸಂದರ್ಭವೊಂದನ್ನುಳಿದು ಬೇರೆಲ್ಲಿಯೂ ಒಣಗಿದ ಲೇಪಕ್ಕೆ ಸ್ಥಾನವಿಲ್ಲ. ಏಕೆಂದರೆ ಒಣಗಿದ ಲೇಪವು ನಿಷ್ಪ್ರಯೋಜಕವಾದುದಲ್ಲದೆ ನೋವನ್ನೂ ಉಂಟುಮಾಡುವುದು. ಅರೆದ ಬೇವಿನ ಎಲೆಯು ಮಂಡಿಯ ಮೇಲೆ ಒಣಗಿ ಸೆಟೆದು, ಅದನ್ನು ಕೀಳುವಾಗ ಹೊಸಚರ್ಮವೂ ಕಿತ್ತುಬಂದ ಅನುಭವವುಳ್ಳವರಿಗೆ ಈ ಮಾತಿನ ಸತ್ಯವನ್ನು ಬೇರೆಯಾಗಿ ತಿಳಿಸಬೇಕಾದುದಿಲ್ಲ. ಮುಂದಿನ ಕಾಲದ ಪ್ರಯತ್ನಗಳೆಲ್ಲವೂ ಈ ಒಂದು ದೋಷದ ಪರಿಹಾರಕ್ಕಾಗಿಯೇ ಹೊರಟಂತೆ ತೋರುತ್ತವೆ.

ತುಪ್ಪ, ಎಣ್ಣೆ, ಮೇಣ

ಒಣಗದ ಲೇಪವನ್ನು ಬಯಸಿದ ಪ್ರಾಚೀನರು ಸ್ನೇಹದ್ರವ್ಯಗಳನ್ನು ಆಶ್ರಯಿಸಿದರು. ಶಾರ್ಙ್ಗಧರಸಂಹಿತೆಯಲ್ಲಿ ಪ್ರಸಿದ್ಧವಾದ ಜಾತ್ಯಾದಿ ಯೋಗವು ಇದಕ್ಕೆ ಒಳ್ಳೆಯ ನಿದರ್ಶನವು. ಜಾಜಿಯ ಎಲೆ, ಬೇವಿನ ಎಲೆ, ಅರಿಸಿನ, ಮರದರಿಸಿನ, ಮಂಜಿಷ್ಠ, ಜ್ಯೇಷ್ಠಮಧು ಮುಂತಾದ ಮೂಲಿಕೆಗಳೊಡನೆ ಜೇನುಮೇಣವನ್ನೂ ಮೈಲುತುತ್ತವನ್ನೂ ಕೂಡಿಸಿ ಸ್ನೇಹಪಾಕ ಮಾಡುವರು. ಮೂಲಿಕೆಗಳು ಗುಣವನ್ನು ಕೊಡುವುವು; ತುಪ್ಪ ಅಥವಾ ಎಣ್ಣೆಯು ಆ ಗುಣವನ್ನು ಹೊತ್ತು ನಡೆಯುವುದು; ಮೇಣವು ಅದನ್ನು ಗಾಯದ ಮೇಲೆ ಹರಿದುಹೋಗದಂತೆ ನಿಲ್ಲಿಸುವುದು. ಒಂದೊಂದಕ್ಕೂ ಒಂದೊಂದು ಕಾಯಕವು ಗೊತ್ತಾಗಿದೆ.

ಶತಧೌತಘೃತವೆಂಬ ಇನ್ನೊಂದು ಕಲ್ಪನೆಯು ಇದಕ್ಕಿಂತಲೂ ಸೂಕ್ಷ್ಮವಾದುದು. ತಾಮ್ರದ ಪಾತ್ರೆಯಲ್ಲಿ ಹಸುವಿನ ತುಪ್ಪವನ್ನು ನೀರಿನೊಡನೆ ಉಜ್ಜಿ ಉಜ್ಜಿ ನೂರು ಸಾರಿ ತೊಳೆದರೆ, ಹಳದಿಯ ಬಣ್ಣವೂ ತುಪ್ಪದ ವಾಸನೆಯೂ ಬಹುಮಟ್ಟಿಗೆ ಕಳೆದು, ಬೆಣ್ಣೆಗಿಂತಲೂ ಮೃದುವಾದ ಬಿಳಿಯ ಪದಾರ್ಥವು ಉಳಿಯುವುದು. ಸುಟ್ಟ ಗಾಯಕ್ಕೂ ಮೈಯುರಿಗೂ ಇದನ್ನು ಹಚ್ಚುವ ರೂಢಿಯಿದೆ. ಇಲ್ಲಿ ನಡೆಯುವುದೇನೆಂದರೆ, ನೀರಿನ ಅತಿ ಸಣ್ಣ ಹನಿಗಳು ತುಪ್ಪದೊಳಗೆ ಸಿಕ್ಕಿ ನಿಲ್ಲುತ್ತವೆ. ಎರಡನೆಯ ಶತಮಾನದ ಯವನವೈದ್ಯನಾದ ಗಾಲೆನನ ಹೆಸರಿನಲ್ಲಿ ಪ್ರಸಿದ್ಧವಾದ ಲೇಪದಲ್ಲಿಯೂ ಮೇಣ, ಎಣ್ಣೆ, ನೀರುಗಳನ್ನು ಹೀಗೆಯೇ ಒಂದುಗೂಡಿಸುತ್ತಿದ್ದರು. ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ಜಿಡ್ಡಿನೊಳಗೆ ನೀರನ್ನು ಹಿಡಿದಿಡುವ ಯತ್ನವು ನಡೆದುದು ಗಮನಾರ್ಹವು.

ರಸಕ್ರಿಯೆಯೆಂಬುದಾದರೋ ಮೂಲಿಕೆಯ ಕಷಾಯವನ್ನು ಸೋಸಿ, ಮತ್ತೆ ಮಂದಾಗ್ನಿಯಲ್ಲಿ ಕಾಯಿಸಿ, ಕಾಕಂಬಿಯಂತೆ ಗಟ್ಟಿಮಾಡಿಕೊಳ್ಳುವ ವಿಧಾನವು. ಇದರಲ್ಲಿ ಜಿಡ್ಡಿಲ್ಲ, ಮೂಲಿಕೆಯ ಸಾರವೂ ನೀರೂ ಮಾತ್ರ ಉಂಟು. ಇಂದಿನ ಮೂಲಿಕಾಜೆಲ್ಲಿಗೆ ಶಾಸ್ತ್ರದಲ್ಲಿ ಪೂರ್ವಜನನ್ನು ಹುಡುಕುವುದಾದರೆ ಘೃತತೈಲಗಳಿಗಿಂತ ಈ ರಸಕ್ರಿಯೆಯೇ ಹೆಚ್ಚು ಸಮೀಪದ್ದೆನ್ನಬಹುದು. ‘ಮುಲಾಮು’ ಎಂಬ ರೂಢಿಯ ಮಾತು ಯೂನಾನಿ ವೈದ್ಯರ ‘ಮರ್ಹಮ್’ ಎಂಬುದರ ಸಂಬಂಧದ್ದೆಂದು ಪಂಡಿತರು ಹೇಳುವರು. ಅದೇ ಮಾತು ಸಂಸ್ಕೃತಗ್ರಂಥಗಳಲ್ಲಿ ‘ಮಲಹರ’ವೆಂಬ ವೇಷವನ್ನು ಧರಿಸಿದೆ. ವೈದ್ಯವಿದ್ಯೆಯು ಒಂದೇ ಕುಲದ ಸೊತ್ತಲ್ಲವೆಂಬುದಕ್ಕೆ ಈ ಪದವೇ ಸಾಕ್ಷಿಯಾಗಿರುತ್ತದೆ.

ಕನ್ನಡ ನಾಡಿನ ವೈದ್ಯಪರಂಪರೆ

ಕನ್ನಡ ನಾಡಿನಲ್ಲಿ ಮಠಕ್ಕೂ ಔಷಧಕ್ಕೂ ಇರುವ ನಂಟು ಹಳೆಯದು. ಬಳ್ಳಿಗಾವೆಯ ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠದ ೧೧೬೨ನೆಯ ಇಸವಿಯ ಶಾಸನವು ಆ ಸ್ಥಾನವನ್ನು ವರ್ಣಿಸುತ್ತ, ಅದು ಹಲವು ಶಾಸ್ತ್ರಗಳ ಅಧ್ಯಯನದ ನೆಲೆಯೆಂದೂ, ದೀನರಿಗೂ ಅನಾಥರಿಗೂ ಅನ್ನವಿಕ್ಕುವ ತಾಣವೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ನಡೆಯುವ ಎಡೆಯೆಂದೂ ಹೇಳುತ್ತದೆ. ಆ ಮಠವು ಕಾಳಾಮುಖ ಶೈವರದಾಗಿದ್ದರೂ, ಅನ್ನ, ಅಕ್ಷರ, ಔಷಧಗಳನ್ನು ಒಂದೇ ಸೂರಿನಡಿಯಲ್ಲಿ ನೀಡುವ ಆದರ್ಶವು ಅಂದಿಗೇ ನೆಲೆಗೊಂಡಿದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅದೇ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರು ವೈದ್ಯವೃತ್ತಿಯನ್ನೇ ಕಾಯಕವನ್ನಾಗಿ ಕೈಕೊಂಡವರು. ದೇಹದ ರೋಗ ಮತ್ತು ಔಷಧಗಳ ಪರಿಭಾಷೆಯಿಂದಲೇ ಅವರು ಭವರೋಗದ ಚಿಕಿತ್ಸೆಯನ್ನು ತಮ್ಮ ವಚನಗಳಲ್ಲಿ ಬೋಧಿಸಿರುವರು. ಗಾಯವನ್ನು ತೊಳೆಯುವ ಕೈಯೂ ಲಿಂಗವನ್ನು ಅರ್ಚಿಸುವ ಕೈಯೂ ಬೇರೆಬೇರೆಯಲ್ಲವೆಂಬ ಅರಿವೇ ಈ ಕಾಯಕದ ಮೂಲವು. ಜಗದ್ದಳ ಸೋಮನಾಥನು ಹನ್ನೆರಡನೆಯ ಶತಮಾನದಲ್ಲಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿ ವೈದ್ಯವನ್ನು ಕನ್ನಡಿಗರಿಗೆ ಕನ್ನಡದಲ್ಲಿಯೇ ದೊರಕಿಸಿಕೊಟ್ಟನು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನು ವಿವರಿಸಿದನು. ವೀರಶೈವ ಅರಸನಾದ ಕೆಳದಿಯ ಬಸವಪ್ಪನಾಯಕನು ೧೭೦೯ರಲ್ಲಿ ಮುಗಿಸಿದ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶದಲ್ಲಿ ಬಹುಶಾಸ್ತ್ರಗಳ ಸಂಗಡ ವೈದ್ಯಕ್ಕೂ ಸ್ಥಾನವುಂಟು. ಹೀಗೆ ಬರವಣಿಗೆಗೆ ಇಳಿದ ವಿದ್ಯೆಗೆ ಎಂತಹ ಬೆಲೆಯುಂಟೆಂಬುದು ಮುಂದೆ ಅರಿಸಿನದ ವ್ಯಾಜ್ಯದ ಪ್ರಸ್ತಾವದಲ್ಲಿ ತಿಳಿದುಬರುವುದು.

ಪಶ್ಚಿಮದೇಶಗಳ ಶೋಧನೆಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ವ್ರಣವಿಚಾರವು ಹೊಸ ದಾರಿ ಹಿಡಿಯಿತು. ಗಾಯವು ಕೀವುಗಟ್ಟುವುದಕ್ಕೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇ ಕಾರಣವೆಂದು ತಿಳಿದು, ಜೋಸೆಫ್ ಲಿಸ್ಟರನು ಕಾರ್ಬಾಲಿಕ್ ಆಮ್ಲದಿಂದ ಗಾಯವನ್ನು ಶುದ್ಧಿಪಡಿಸುವ ಪದ್ಧತಿಯನ್ನು ೧೮೬೭ರಲ್ಲಿ ಪ್ರಕಟಿಸಿದನು. ಶೋಧನವು ರೋಪಣಕ್ಕಿಂತ ಮೊದಲೆಂಬ ಹಳೆಯ ಸೂತ್ರಕ್ಕೆ ಹೊಸ ಕಾರಣವು ಹೀಗೆ ದೊರೆಯಿತು.

ಅಮೆರಿಕೆಯ ಪೆನ್ಸಿಲ್ವೇನಿಯಾ ಪ್ರಾಂತ್ಯದಲ್ಲಿ ಭೂತೈಲದ ಬಾವಿಗಳನ್ನು ತೋಡುತ್ತಿದ್ದ ಕೂಲಿಗಳು ಯಂತ್ರದ ಸಲಾಕೆಗಳಿಗೆ ಅಂಟುತ್ತಿದ್ದ ಜಿಡ್ಡನ್ನು ತಮ್ಮ ಗಾಯಗಳಿಗೂ ಸುಟ್ಟ ಬೊಕ್ಕೆಗಳಿಗೂ ಬಳಿದುಕೊಳ್ಳುತ್ತಿದ್ದರು. ಇದನ್ನು ಕಂಡ ರಾಬರ್ಟ್ ಚೀಸ್‌ಬ್ರೋ ಎಂಬ ರಸಾಯನಜ್ಞನು ಆ ಜಿಡ್ಡನ್ನು ಶುದ್ಧಿಮಾಡಿ, ತನ್ನ ಮೈಮೇಲಿನ ಗಾಯಗಳ ಮೇಲೆಯೇ ಪರೀಕ್ಷಿಸಿ, ೧೮೭೨ರಲ್ಲಿ ‘ವ್ಯಾಸಲೀನ್’ ಎಂಬ ಹೆಸರಿನಿಂದ ಪೇಟೆಂಟು ಪಡೆದನು. ಅದುವರೆಗೆ ಪಾಶ್ಚಾತ್ಯರ ಮುಲಾಮುಗಳಲ್ಲಿ ಹಂದಿಯ ಕೊಬ್ಬು ಸಾಮಾನ್ಯವಾಗಿದ್ದಿತು. ಅದು ಬೇಗನೆ ಕಮಟಾಗುತ್ತಿದ್ದಿತು. ವ್ಯಾಸಲೀನಾದರೋ ಕೆಡುವುದಿಲ್ಲ, ಪ್ರಾಣಿಜನ್ಯವೂ ಅಲ್ಲ. ಆದರೆ ಅದರಲ್ಲಿ ನೀರು ಬೆರೆಯುವುದಿಲ್ಲವಾದ್ದರಿಂದ, ನೀರಿನಲ್ಲಿ ಕರಗುವ ಮೂಲಿಕಾಸಾರವನ್ನು ಅದು ಸುಲಭವಾಗಿ ಸ್ವೀಕರಿಸದು.

ಗಾಯವನ್ನು ಗಾಳಿಗೆ ಒಡ್ಡಿ ಒಣಗಿಸಿದರೆ ಬೇಗನೆ ಮಾಯುವುದೆಂಬ ನಂಬಿಕೆಯು ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಬಲವಾಗಿಯೇ ಇದ್ದಿತು. ೧೯೬೨ರಲ್ಲಿ ಜಾರ್ಜ್ ವಿಂಟರ್ ಎಂಬ ಆಂಗ್ಲ ವಿಜ್ಞಾನಿಯು ಎಳೆಯ ಹಂದಿಗಳ ಚರ್ಮದ ಮೇಲಣ ಗಾಯಗಳನ್ನು ಪರೀಕ್ಷಿಸಿ ಈ ನಂಬಿಕೆಯನ್ನು ಅಲುಗಾಡಿಸಿದನು. ತೆಳುವಾದ ಪಾಲಿಥೀನ್ ಹಾಳೆಯಿಂದ ಮುಚ್ಚಿ ತೇವವನ್ನುಳಿಸಿದ ಗಾಯಗಳ ಮೇಲೆ ಹೊಸ ಹೊರಚರ್ಮವು, ತೆರೆದಿಟ್ಟು ಒಣಗಿಸಿದ ಗಾಯಗಳಿಗಿಂತ ಸುಮಾರು ಎರಡರಷ್ಟು ವೇಗದಿಂದ ಹಬ್ಬಿತೆಂದು ಆತನು ತೋರಿಸಿದನು. ಒಣಗಿದ ಹಕ್ಕಳೆಯ ಅಡಿಯಲ್ಲಿ ಹೊಸ ಜೀವಕೋಶಗಳು ದಾರಿ ಕೊರೆದುಕೊಂಡು ಸಾಗಬೇಕಾಗುವುದು. ತೇವವಿದ್ದಲ್ಲಿ ಅವು ಅಡ್ಡಿಯಿಲ್ಲದೆ ಹರಿಯುವುವು. ಒಣಗಿದ ಲೇಪದ ದೋಷವನ್ನೂ, ಒಣಗದ ಪ್ರದೇಹವು ಗಾಯಕ್ಕೆ ಹಿತವೆಂಬುದನ್ನೂ ಹೇಳಿದ ಸುಶ್ರುತಾಚಾರ್ಯರ ವಿಧಿಯನ್ನು ಈ ಪ್ರಯೋಗದ ಪಕ್ಕದಲ್ಲಿಟ್ಟು ನೋಡುವುದು ಉಚಿತವು. ಅವರಿಗೆ ಜೀವಕೋಶಗಳ ಅರಿವಿದ್ದಿಲ್ಲ. ಆದರೆ ರೋಗಿಯ ಮುಖದ ಮೇಲಣ ನೋವನ್ನು ಓದುವ ಕಣ್ಣಿದ್ದಿತು.

ಜೆಲ್ ಎಂಬುದರ ಸ್ವರೂಪ

ಸ್ಕಾಟ್ಲೆಂಡಿನ ರಸಾಯನಜ್ಞ ಥಾಮಸ್ ಗ್ರಹಾಮನು ೧೮೬೦ರ ದಶಕದಲ್ಲಿ ಅಂಟುದ್ರವ್ಯಗಳ ಸ್ವಭಾವವನ್ನು ಶೋಧಿಸುತ್ತ ‘ಜೆಲ್’ ಎಂಬ ಪದವನ್ನು ಬಳಕೆಗೆ ತಂದನು. ಜಿಲೆಟಿನ್ ಎಂಬ ಅಂಟಿನ ಹೆಸರಿನಿಂದ ಅದು ಹುಟ್ಟಿತು. ಜಿಲೆಟಿನ್ ಪ್ರಾಣಿಗಳ ಚರ್ಮಾಸ್ಥಿಗಳಿಂದ ತೆಗೆದುದಾದುದರಿಂದ, ‘ಜೆಲ್’ ಎಂಬ ಹೆಸರನ್ನು ಕೇಳಿ ಭಕ್ತರಲ್ಲಿ ಕೆಲವರಿಗೆ ಶಂಕೆಯುಂಟಾಗುವುದು ಸಹಜವೇ. ಆದರೆ ಇಂದಿನ ಮೂಲಿಕಾಜೆಲ್ಲುಗಳಲ್ಲಿ ಬಹುಶಃ ಉಪಯೋಗವಾಗುವುದು ‘ಕಾರ್ಬೋಮರ್’ ಎಂಬ ಕೃತಕದ್ರವ್ಯವು. ಇಲ್ಲವೆ ಸಸ್ಯಗಳ ನಾರಿನಿಂದಲೂ ಗೋಂದಿನಿಂದಲೂ ಪಡೆದ ದ್ರವ್ಯಗಳು. ಕಾರ್ಬೋಮರನ್ನು ಅಮೆರಿಕೆಯ ಗುಡ್‌ರಿಚ್ ಕಂಪನಿಯವರು ೧೯೫೦ರ ದಶಕದಲ್ಲಿ ಬಳಕೆಗೆ ತಂದರು. ೧೯೬೦ರಲ್ಲಿ ಚೆಕ್ ದೇಶದ ಓಟೊ ವಿಖ್ಟರ್ಲೆ ಮತ್ತು ದ್ರಹೊಸ್ಲಾವ್ ಲಿಮ್ ಎಂಬವರು ಶರೀರದಲ್ಲಿ ಉಪಯೋಗಿಸಲು ತಕ್ಕ ಜಲಗ್ರಾಹಿ ಜೆಲ್ಲುಗಳ ವಿಷಯವಾಗಿ ಬರೆದ ಲೇಖನವು ಈ ಶಾಸ್ತ್ರಕ್ಕೆ ಹೊಸ ಹಾದಿಯನ್ನು ತೆರೆಯಿತು.

ಜೆಲ್ಲಿನ ರಚನೆಯು ಹೀಗಿರುತ್ತದೆ. ಕಾರ್ಬೋಮರಿನ ಬಿಳಿಯ ಹುಡಿಯನ್ನು ನೂರು ಭಾಗಕ್ಕೆ ಅರ್ಧದಿಂದ ಎರಡು ಭಾಗದಷ್ಟು ಪ್ರಮಾಣದಲ್ಲಿ ಶುದ್ಧೋದಕದ ಮೇಲೆ ಉದುರಿಸಿ, ಗಂಟುಕಟ್ಟದಂತೆ ನೆನೆಯಿಡುವರು. ಮೂಲಿಕೆಯ ಸಾರವನ್ನು ಗ್ಲಿಸರಿನ್ ಮುಂತಾದ ದ್ರವದಲ್ಲಿ ಬೇರೆಯಾಗಿ ಕರಗಿಸಿ, ಕೆಡದಂತೆ ಕಾಯುವ ದ್ರವ್ಯವನ್ನೂ ಸೇರಿಸಿ, ಗಾಳಿಯ ಗುಳ್ಳೆಗಳು ಏಳದಂತೆ ಮೆಲ್ಲನೆ ಕಲೆಸುವರು. ಆಗ ದ್ರವವು ಹುಳಿಯಾಗಿಯೂ ತೆಳ್ಳಗೂ ಇರುವುದು. ಕಡೆಯಲ್ಲಿ ಕ್ಷಾರಗುಣದ ದ್ರವ್ಯವೊಂದನ್ನು ಹನಿಹನಿಯಾಗಿ ಬಿಟ್ಟರೆ, ಸುರುಳಿಗೊಂಡಿದ್ದ ಉದ್ದನೆಯ ಅಣುಸರಪಳಿಗಳು ಬಿಚ್ಚಿ ಹರಡಿ, ಬಲೆಯಂತೆ ಹೆಣೆದುಕೊಂಡು, ನೀರನ್ನು ತಮ್ಮೊಳಗೆ ಸೆರೆಹಿಡಿಯುವುವು. ನೋಡುನೋಡುತ್ತಿದ್ದಂತೆ ನೀರು ಗಟ್ಟಿಯಾದ ಲೋಳೆಯಾಗುವುದು.

ಇದರ ಅನುಕೂಲಗಳು ಅನೇಕ. ಹಚ್ಚಿದೊಡನೆ ತಂಪುಂಟು, ಬಟ್ಟೆಗೆ ಜಿಡ್ಡು ಹಿಡಿಯದು, ನೀರಿನಿಂದ ತೊಳೆದರೆ ಹೋಗುವುದು, ಹೊಸಚರ್ಮವನ್ನು ಕೀಳದೆ ತೆಗೆಯಬಹುದು. ಆದರೆ ನೀರೇ ಇದರ ಗುಣವೂ ಹೌದು, ದೋಷವೂ ಹೌದು. ನೀರಿಲ್ಲದ ತುಪ್ಪದಲ್ಲಿಯೂ ಎಣ್ಣೆಯಲ್ಲಿಯೂ ಸೂಕ್ಷ್ಮಜೀವಿಗಳು ಸುಲಭವಾಗಿ ಬೆಳೆಯಲಾರವು. ನೀರು ತುಂಬಿದ ಜೆಲ್ಲಿನಲ್ಲಿ ಕಾವಲುದ್ರವ್ಯವಿಲ್ಲದಿದ್ದರೆ ಅವು ಮನೆಮಾಡಿಕೊಳ್ಳುವುವು. ಶಾರ್ಙ್ಗಧರನು ಚೂರ್ಣದ ವೀರ್ಯವು ಎರಡು ತಿಂಗಳು, ಲೇಹ್ಯದ್ದು ಒಂದು ವರುಷವೆಂದು ಅವಧಿಗಳನ್ನು ಗೊತ್ತುಪಡಿಸಿದುದು ಇಂತಹ ಎಚ್ಚರದಿಂದಲೇ. ಇದಲ್ಲದೆ, ಬಹಳವಾಗಿ ಸ್ರವಿಸುವ ಗಾಯಕ್ಕೆ ಜೆಲ್ಲಿನ ನೀರು ಮತ್ತಷ್ಟು ತೇವವನ್ನು ಕೂಡಿಸಿ ಸುತ್ತಲಿನ ಚರ್ಮವನ್ನು ಮೆದುಗೆಡಿಸುವುದು. ಆದಕಾರಣ ಎಲ್ಲ ಗಾಯಕ್ಕೂ ಒಂದೇ ಲೇಪವೆಂಬುದಿಲ್ಲ.

ಮೂರು ಮೂಲಿಕೆಗಳು

ಈ ಲೋಳೆಲೇಪಗಳಲ್ಲಿ ಸೇರುವ ಮೂಲಿಕೆಗಳ ಪೈಕಿ ಕನ್ನಡಿಗರ ಹಿತ್ತಿಲಿಗೆ ಪರಿಚಿತವಾದ ಮೂರನ್ನು ಇಲ್ಲಿ ಪ್ರಸ್ತಾವಿಸಿದರೆ ಸಾಕು.

ಒಂದನೆಯದು ಅರಿಸಿನ. ಇದರ ಹಳದಿಯ ಸಾರವಾದ ಕುರ್ಕ್ಯುಮಿನ್ನನ್ನು ೧೮೧೫ರಲ್ಲಿ ಫೋಗೆಲ್ ಮತ್ತು ಪೆಲ್ಲೆಟಿಯೇ ಎಂಬವರು ಬೇರ್ಪಡಿಸಿದರು. ೧೯೧೦ರಲ್ಲಿ ಅದರ ಅಣುರಚನೆಯು ನಿರ್ಣಯವಾಯಿತು. ೧೯೪೯ರಲ್ಲಿ ಅದು ಕೆಲವು ಸೂಕ್ಷ್ಮಜೀವಿಗಳನ್ನು ತಡೆಯುವುದೆಂದು ಪ್ರಯೋಗದಿಂದ ತಿಳಿದುಬಂದಿತು. ಬಾವು, ಕೆಂಪು, ಬಿಸಿ, ನೋವು ಎಂಬ ನಾಲ್ಕು ಚಿಹ್ನೆಗಳುಳ್ಳ ವ್ರಣಶೋಫವನ್ನು ಇಳಿಸುವ ಗುಣವೂ ಇದಕ್ಕುಂಟೆಂದು ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ. ಆದರೆ ಕುರ್ಕ್ಯುಮಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಬೆಳಕಿನಲ್ಲಿ ಕೆಡುವುದು, ಬಟ್ಟೆಗೆ ಬಣ್ಣ ಹಿಡಿಸುವುದು. ನೀರಿನ ಲೋಳೆಯಲ್ಲಿ ಇದನ್ನು ಸಮನಾಗಿ ಬೆರೆಸುವುದೇ ದೊಡ್ಡ ಕಷ್ಟ. ಪೂರ್ವಿಕರು ಅರಿಸಿನವನ್ನು ತುಪ್ಪದಲ್ಲಿಯೂ ಎಣ್ಣೆಯಲ್ಲಿಯೂ ಕಾಯಿಸಿದುದು ಅರ್ಥವಿಲ್ಲದ ರೂಢಿಯಲ್ಲ.

ಎರಡನೆಯದು ಒಂದೆಲಗ. ಇದರ ಸಾರಗಳಲ್ಲೊಂದಾದ ಏಷ್ಯಾಟಿಕೋಸೈಡನ್ನು ೧೯೪೧ರಲ್ಲಿ ಬೊಂತೆಂ ಎಂಬ ಫ್ರೆಂಚ್ ರಸಾಯನಜ್ಞನು ಬೇರ್ಪಡಿಸಿದನು. ಮಡಗಾಸ್ಕರ್ ದ್ವೀಪದಲ್ಲಿ ಕುಷ್ಠರೋಗಿಗಳ ವ್ರಣಗಳಿಗೆ ಇದನ್ನು ಪ್ರಯೋಗಿಸಿದರು. ಮುಂದೆ ಅಲ್ಲಿಂದಲೇ ಫ್ರಾನ್ಸಿನಲ್ಲಿ ಮುಲಾಮುಗಳು ಸಿದ್ಧವಾದುವು. ಹೊಸ ಮಾಂಸತಂತುವಾದ ಕೊಲಾಜನ್ನಿನ ಉತ್ಪತ್ತಿಯನ್ನು ಈ ಸಾರವು ಹೆಚ್ಚಿಸುವುದೆಂದು ಪರೀಕ್ಷೆಗಳು ತೋರಿಸಿವೆ. ಜ್ಞಾಪಕಶಕ್ತಿಗೆಂದು ತಂಬುಳಿ ಮಾಡಿ ಉಣ್ಣುವ ಸೊಪ್ಪು ಗಾಯ ಮಾಯಿಸುವುದರಲ್ಲಿ ಲೋಕಖ್ಯಾತಿ ಪಡೆಯಿತು.

ಮೂರನೆಯದು ಲೋಳೆಸರ. ಪ್ರಕೃತಿಯೇ ಮಾಡಿಟ್ಟ ಜೆಲ್ ಇದು. ಇದರ ತಿರುಳಿನ ನೂರು ಭಾಗದಲ್ಲಿ ತೊಂಬತ್ತೆಂಟಕ್ಕೂ ಮಿಕ್ಕಿ ನೀರೇ ಇರುವುದು. ಸಿಪ್ಪೆಯ ಒಳಗಡೆಯ ಹಳದಿಯ ಕಹಿರಸವನ್ನು ಸುರಿದುಹೋಗಲು ಬಿಟ್ಟು ತಿರುಳನ್ನು ಮಾತ್ರ ತೆಗೆಯುವ ಕ್ರಮವನ್ನು ಮನೆಯ ಹಿರಿಯರು ಬಲ್ಲರು. ೧೯೩೫ರಲ್ಲಿ ಅಮೆರಿಕೆಯ ಕಾಲಿನ್ಸ್ ಎಂಬ ತಂದೆಮಕ್ಕಳಿಬ್ಬರು ವೈದ್ಯರು, ಕ್ಷಕಿರಣದಿಂದ ಬೆಂದ ಚರ್ಮಕ್ಕೆ ಇದರ ಹಸಿಯ ಎಲೆಯನ್ನು ಹಚ್ಚಿ ಗುಣ ಕಂಡುದನ್ನು ಪ್ರಕಟಿಸಿದ ಬಳಿಕ ಪಶ್ಚಿಮದಲ್ಲಿ ಇದರ ಕೀರ್ತಿ ಹರಡಿತು.

ಅರಿಸಿನದ ವ್ಯಾಜ್ಯ

೧೯೯೫ರ ಮಾರ್ಚಿಯಲ್ಲಿ ಅಮೆರಿಕೆಯ ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರಕ್ಕೆ, ಗಾಯ ಮಾಯಿಸಲು ಅರಿಸಿನವನ್ನು ಬಳಸುವ ವಿಧಾನದ ಮೇಲೆ ೫೪೦೧೫೦೪ನೆಯ ಸಂಖ್ಯೆಯ ಪೇಟೆಂಟು ದೊರೆಯಿತು. ಅಜ್ಜಿಯರ ಕೈಯ ಅರಿಸಿನವು ಕಾಗದದ ಮೇಲೆ ಪರರ ಸೊತ್ತಾಯಿತು. ಭಾರತದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಪರಿಷತ್ತಿನವರು, ಡಾಕ್ಟರ್ ಮಾಶೇಲ್ಕರ್ ಅವರ ಮುಂದಾಳುತನದಲ್ಲಿ, ೧೯೯೬ರಲ್ಲಿ ಇದನ್ನು ಮರುಪರಿಶೀಲಿಸಬೇಕೆಂದು ಅಲ್ಲಿನ ಪೇಟೆಂಟು ಕಚೇರಿಗೆ ಬಿನ್ನವಿಸಿಕೊಂಡರು. ಎಲ್ಲರ ಮನೆಯಲ್ಲಿಯೂ ಗೊತ್ತಿದೆಯೆಂಬ ಮಾತು ಆ ಕಚೇರಿಗೆ ಸಾಕ್ಷ್ಯವಾಗಲಿಲ್ಲ. ಅಚ್ಚಾದ ಬರಹವೇ ಬೇಕಾಯಿತು. ಹಳೆಯ ಗ್ರಂಥಗಳಿಂದಲೂ, ೧೯೫೩ರಲ್ಲಿ ಭಾರತೀಯ ವೈದ್ಯಸಂಘದ ಪತ್ರಿಕೆಯಲ್ಲಿ ಬಂದ ಲೇಖನವೊಂದರಿಂದಲೂ ಕೂಡಿ ೩೨ ಆಧಾರಗಳನ್ನು ಮುಂದಿಟ್ಟ ಮೇಲೆ, ೧೯೯೭ರ ಆಗಸ್ಟಿನಲ್ಲಿ ಆ ಹಕ್ಕು ರದ್ದಾಯಿತು. ಇದರ ಪಾಠದಿಂದ ೨೦೦೧ರಲ್ಲಿ ಸಾಂಪ್ರದಾಯಿಕ ಜ್ಞಾನದ ಸಂಗ್ರಹಕೋಶವೊಂದರ ಕಾರ್ಯವು ಆರಂಭವಾಯಿತು.

ಮಠಗಳ ಸರಸ್ವತೀಭಂಡಾರಗಳಲ್ಲಿ ಓಲೆಗರಿಯ ಕಟ್ಟುಗಳನ್ನು ಹುಳುಹಪ್ಪಟೆಗಳಿಂದ ಕಾಪಾಡಿದ ಪೂರ್ವದ ಶಾಸ್ತ್ರಿಗಳ ಶ್ರಮವು ಎಂತಹುದೆಂಬುದನ್ನು ಈ ವ್ಯಾಜ್ಯವು ತಿಳಿಸಿಕೊಡುವುದು. ಬರೆದಿಟ್ಟ ವಿದ್ಯೆಗೆ ಸಾಕ್ಷಿಯುಂಟು. ಬಾಯಲ್ಲಿ ಮಾತ್ರ ಉಳಿದ ವಿದ್ಯೆಯು ಹೇಳುವವರೊಡನೆ ಹೋಗುವುದು, ಇಲ್ಲವೆ ಹೇಳದವರ ಪಾಲಾಗುವುದು.

ಪರೀಕ್ಷೆಯ ಅವಶ್ಯಕತೆ

ಆದರೆ ಆ ತೀರ್ಪು ಸಾಧಿಸಿದುದು ಅರಿಸಿನದ ಬಳಕೆಯು ಹಳೆಯದೆಂಬುದನ್ನು ಮಾತ್ರ. ಹಳೆಯದೆಲ್ಲವೂ ಫಲಕಾರಿಯೆಂದು ಅದರಿಂದ ಸಿದ್ಧವಾಗುವುದಿಲ್ಲ. ೧೯೯೧ರಲ್ಲಿ ಅಮೆರಿಕೆಯಲ್ಲಿ ಶಸ್ತ್ರಚಿಕಿತ್ಸೆಯ ನಂತರ ತೆರೆದುಕೊಂಡ ಗಾಯಗಳ ಮೇಲೆ ಲೋಳೆಸರದ ಜೆಲ್ಲನ್ನು ಹಚ್ಚಿ ನೋಡಿದಾಗ, ಸಾಮಾನ್ಯ ಉಪಚಾರದಲ್ಲಿ ಸರಾಸರಿ ೫೩ ದಿನಗಳಿಗೆ ಮಾಯ್ದರೆ, ಜೆಲ್ ಹಚ್ಚಿದವು ಮಾಯಲು ೮೩ ದಿನಗಳು ಹಿಡಿದುವು. ೨೦೧೨ರಲ್ಲಿ ಏಳು ಪರೀಕ್ಷೆಗಳನ್ನು ಒಟ್ಟುಗೂಡಿಸಿ ವಿಚಾರಿಸಿದ ವಿದ್ವಾಂಸರು, ಲೋಳೆಸರವು ಗಾಯಗಳನ್ನು ಬೇಗ ಮಾಯಿಸುವುದೆನ್ನಲು ಸಾಕಷ್ಟು ಉತ್ತಮ ಪ್ರಮಾಣಗಳಿಲ್ಲವೆಂದು ತೀರ್ಮಾನಿಸಿದರು. ಬೆಂದ ಚರ್ಮಕ್ಕೆ ತಂಪನ್ನೀಯುವ ದ್ರವ್ಯವು ಆಳವಾದ ಗಾಯಕ್ಕೂ ಹಿತವಾಗಲೇಬೇಕೆಂಬ ನಿಯಮವಿಲ್ಲ. ಈ ಸಂಗತಿಯನ್ನು ಮುಚ್ಚಿಡುವುದು ಮೂಲಿಕೆಗೆ ಮಾಡುವ ಗೌರವವಲ್ಲ.

ಇದಕ್ಕಾಗಿಯೇ ಜೆಲ್ ತಯಾರಿಸುವವರು ಅನೇಕ ಪರೀಕ್ಷೆಗಳನ್ನು ನಡೆಸತಕ್ಕದ್ದು. ಅದರ ಆಮ್ಲಕ್ಷಾರಗಳ ಸಮತೋಲವು ಚರ್ಮಕ್ಕೆ ಒಗ್ಗುವಂತಿರಬೇಕು. ಎರಡು ಗಾಜಿನ ಫಲಕಗಳ ನಡುವೆ ಭಾರವಿಟ್ಟು ಅದು ಹರಡುವ ಪರಿಯನ್ನು ಅಳೆಯಬೇಕು. ೪೦ ಡಿಗ್ರಿ ಶಾಖದಲ್ಲಿಯೂ ತೇವದ ಗಾಳಿಯಲ್ಲಿಯೂ ಆರು ತಿಂಗಳಿಟ್ಟು ಕೆಡುವುದೇ ಇಲ್ಲವೇ ಎಂದು ನೋಡಬೇಕು. ಮೂಲಿಕೆಯ ಸಾರವು ಪ್ರತಿಯೊಂದು ಕೊಳವೆಯಲ್ಲಿಯೂ ಒ‌ಂದೇ ಪ್ರಮಾಣದಲ್ಲಿ ಇರಬೇಕು. ಮಳೆಗಾಲದ ಬೇರಿಗೂ ಬೇಸಗೆಯ ಬೇರಿಗೂ ಗುಣದಲ್ಲಿ ಅಂತರವುಂಟಾಗುವುದರಿಂದ ಈ ಕಡೆಯ ಕೆಲಸವೇ ಅತ್ಯಂತ ಕಠಿನವು. ೧೯೪೦ರ ಔಷಧಶಾಸನದೊಳಗೆ ೧೯೬೪ರ ತಿದ್ದುಪಡಿಯಿಂದ ಆಯುರ್ವೇದೌಷಧಗಳಿಗೂ ಪ್ರತ್ಯೇಕ ಅಧ್ಯಾಯವು ಸೇರಿತು. ತಯಾರಿಕೆಯ ಶುಚಿತ್ವವನ್ನು ಕುರಿತ ನಿಯಮಗಳು ೨೦೦೦ದಲ್ಲಿ ಬಂದುವು. ಶಾಸನವು ಅಂಗಡಿಯನ್ನು ಕಾಯಬಹುದು. ಮನೆಯನ್ನು ಕಾಯುವುದು ವಿವೇಕವೊಂದೇ.

ಉಪಸಂಹಾರ

ಮೇಲ್ಕಂಡ ಇತಿಹಾಸದಿಂದ ಭಕ್ತರು ಗ್ರಹಿಸತಕ್ಕ ವಿಷಯಗಳು ಕೆಲವುಂಟು. ಚಿಕ್ಕ ತರಚುಗಾಯವನ್ನಾಗಲಿ ಬೊಕ್ಕೆಯನ್ನಾಗಲಿ ಮೊದಲು ಶುದ್ಧವಾದ ನೀರಿನಿಂದ ತೊಳೆಯಬೇಕು. ಲೇಪವು ಅದರ ನಂತರದ ಮಾತು. ಗಾಯಕ್ಕೆ ಬೂದಿಯನ್ನೂ ಮಣ್ಣನ್ನೂ ತುಂಬುವ ಹಳ್ಳಿಯ ವಾಡಿಕೆಯು ಧನುರ್ವಾಯುವಿನಂತಹ ಪ್ರಾಣಾಂತಿಕ ರೋಗಕ್ಕೆ ಎಡೆಮಾಡುವುದು. ಅಷ್ಟಾವರಣಗಳಲ್ಲೊಂದಾದ ಶ್ರೀ ವಿಭೂತಿಯು ಧಾರಣೆಗೆ ತಕ್ಕದ್ದು. ತೆರೆದ ಗಾಯದಲ್ಲಿ ತುಂಬತಕ್ಕದ್ದಲ್ಲ. ಆಳವಾದ ಗಾಯ, ತುಕ್ಕುಹಿಡಿದ ಕಬ್ಬಿಣದ ಚುಚ್ಚು, ಪ್ರಾಣಿಯ ಕಡಿತ, ಮಧುಮೇಹಿಯ ಕಾಲಿನ ಹುಣ್ಣು, ಜ್ವರವೊಡಗೂಡಿದ ಬಾವು, ಇವುಗಳಿಗೆ ಯಾವ ಲೇಪವನ್ನೂ ನಂಬಿ ಕುಳ್ಳಿರದೆ ಒಡನೆಯೇ ವೈದ್ಯರ ಬಳಿಗೆ ಹೋಗತಕ್ಕದ್ದು. ಶಸ್ತ್ರವು ಬೇಕಾದಲ್ಲಿ ಲೇಪವನ್ನು ಹಚ್ಚುತ್ತ ಕಾಲಹರಣ ಮಾಡುವುದನ್ನು ಸುಶ್ರುತಾಚಾರ್ಯರೂ ಒಪ್ಪಿದವರಲ್ಲ.

ತುಪ್ಪವನ್ನು ನೂರು ಸಾರಿ ತೊಳೆದ ಕೈಗೂ, ಕಾರ್ಬೋಮರಿನ ಮೇಲೆ ಹನಿಹನಿಯಾಗಿ ಕ್ಷಾರವನ್ನು ಬಿಡುವ ಕೈಗೂ ಬೇಕಾದುದು ಒಂದೇ ತಾಳ್ಮೆ. ಗಾಯಗೊಂಡವನ ನೋವನ್ನು ತನ್ನ ನೋವೆಂದು ಅರಿತು, ಹಳೆಯದನ್ನು ಹಳೆಯದೆಂಬ ಮಾತ್ರಕ್ಕೆ ಪೂಜಿಸದೆ, ಹೊಸದನ್ನು ಹೊಸದೆಂಬ ಮಾತ್ರಕ್ಕೆ ನಂಬದೆ, ಎರಡನ್ನೂ ಪರೀಕ್ಷೆಯ ಒರೆಗಲ್ಲಿಗೆ ಹಚ್ಚಿ ಉಪಯೋಗಿಸುವುದೇ ವೈದ್ಯಕಾಯಕವು. ಅನ್ನದಾಸೋಹ, ಜ್ಞಾನದಾಸೋಹಗಳೊಡನೆ ಔಷಧದಾಸೋಹವೂ ಮಠದ ಮಹಾದ್ವಾರದಲ್ಲಿ ಬೆಳಗುವುದಾದರೆ, ಅದು ಇಂತಹ ಕಾಯಕದಿಂದಲೇ ಬೆಳಗತಕ್ಕದ್ದು.

॥ ಮಂಗಳಮಸ್ತು ॥